ಕಾರಿನ ಕಟಕಟ ಸದ್ದಿನ ಮೂಲ ಹುಡುಕುವುದು

ಕೊಳೆರೋಗ, ಕಾಂಡಕೊರಕ, ಗೊಬ್ಬರದ ಪ್ರಮಾಣ ಇವುಗಳನ್ನು ಈ ಸಲ ಬದಿಗಿಟ್ಟು ಬೇರೊಂದು ಉಪದ್ರವದ ಬಗ್ಗೆ ಬರೆಯುತ್ತಿದ್ದೇವೆ. ಸಂಘದ ಕಚೇರಿಯ ಮುಂದೆ ಸದಸ್ಯರ ಕಾರು ಬಂದು ನಿಂತರೆ ನಮಗೆ ಒಳಗೆ ಕುಳಿತಲ್ಲೇ ತಿಳಿಯುತ್ತದೆ. ಯಾರ ಕಾರು ಎಂಬುದೂ ತಿಳಿಯುತ್ತದೆ. ಹಾರನ್ ಮಾಡಬೇಕಾಗಿಲ್ಲ, ಒಂದೊಂದು ಕಾರಿನ ಸದ್ದು ಒಂದೊಂದು ಬಗೆ. ಕೇಳಿದರೆ "ಹಳೇ ಗಾಡಿ ಸ್ವಾಮಿ, ಸದ್ದು ಇರೋದೇ" ಎನ್ನುತ್ತಾರೆ. ನಾವೂ ಹಾಗೆಯೇ ಹೇಳುತ್ತಿದ್ದವರು.

ನಮ್ಮ ಕಾರು ಹನೂರಿನಿಂದ ಕೊಳ್ಳೇಗಾಲದವರೆಗೆ ಟಾರು ಚೆನ್ನಾಗಿರುವ ಕಡೆ ತೆಪ್ಪಗಿರುತ್ತಿತ್ತು. ವಾಪಸು ಬಂದು ಅಜ್ಜೀಪುರದ ತೋಟದ ಮಣ್ಣುದಾರಿಗೆ ಇಳಿದ ಕೂಡಲೇ ಮುಂಭಾಗದಲ್ಲಿ ಕಟಕಟ ಶುರು. ಪಟ್ಟಣದ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದರು. ಹಣ ಹೋಯಿತು, ಸದ್ದು ಹೋಗಲಿಲ್ಲ. ಆಮೇಲೆ ರೇಡಿಯೋ ಜೋರು ಮಾಡಿಕೊಂಡು ಎರಡು ತಿಂಗಳು ಓಡಾಡಿದೆವು. ಅದು ಎಂಥ ಹುಂಬತನ ಎಂಬುದು ಮುಂದೆ ಗೊತ್ತಾಗುತ್ತದೆ.

ಸದ್ದು ಹುಟ್ಟಲು ಎರಡು ಸಂಗತಿಗಳು ಬೇಕು. ಒಂದು, ಬಿಗಿಯಾಗಿರಬೇಕಾದ ಕಡೆ ಒಂದಿಷ್ಟು ಸಡಿಲ. ಎರಡು, ಅದನ್ನು ಅಲುಗಿಸುವ ಶಕ್ತಿ. ಈ ಅಲುಗಾಟಕ್ಕೆ ಒಂದು ಗತಿ ಇರುತ್ತದೆ. ಉಯ್ಯಾಲೆಯನ್ನು ಅದರ ಗತಿಗೆ ಸರಿಯಾಗಿ ತಳ್ಳಿದರೆ ಮಗುವಿನ ಕೈ ಸಾಕು, ಗತಿ ತಪ್ಪಿ ತಳ್ಳಿದರೆ ದೊಡ್ಡವರ ಬಲವೂ ವ್ಯರ್ಥ. ಕಾರಿನಲ್ಲಿ ತಳ್ಳುವುದು ಎಂಜಿನ್ ಅಥವಾ ರಸ್ತೆ. ಎಂಜಿನ್ ನಿಮಿಷಕ್ಕೆ 800 ಸುತ್ತಿನಂತೆ ನಿಂತಲ್ಲೇ ತಿರುಗುತ್ತಿದೆ ಎನ್ನೋಣ. ಮೂರು ಸಿಲಿಂಡರಿನದಾದರೆ ಸೆಕೆಂಡಿಗೆ 20 ಸಲ, ನಾಲ್ಕು ಸಿಲಿಂಡರಿನದಾದರೆ ಸುಮಾರು 27 ಸಲ ಉರಿತದ ಬಡಿತ ಬೀಳುತ್ತದೆ. ಆಕ್ಸಿಲರೇಟರ್ ಒತ್ತಿದರೆ ಈ ಸಂಖ್ಯೆ ಏರುತ್ತದೆ. ಯಾವುದೋ ಒಂದು ತೆಳು ತಗಡಿನ ಸ್ವಂತ ಗತಿಗೆ ಅದು ಹೊಂದಿದಾಗ ತಗಡು ಝಣಝಣ ಎನ್ನುತ್ತದೆ, ದಾಟಿದರೆ ಸುಮ್ಮನಾಗುತ್ತದೆ. ಆದ್ದರಿಂದಲೇ ಕೆಲವು ಸದ್ದುಗಳು ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಬಂದು, ಮೆಕ್ಯಾನಿಕ್ ಎದುರಿಗೆ ಮಾಯವಾಗುವುದು.

ಸದ್ದಿನ ವರ್ಣನೆಗೆ ನಮ್ಮ ಭಾಷೆಯಲ್ಲಿ ಬಡತನವಿಲ್ಲ. ಝಣಝಣ ಎಂದರೆ ತೆಳು ತಗಡು. ಕಟಕಟ ಎಂದರೆ ಗಟ್ಟಿ ಲೋಹಕ್ಕೆ ಲೋಹ ಸಣ್ಣ ಅಂತರದಲ್ಲಿ ಬಡಿಯುವುದು. ದಡದಡ ಎಂದರೆ ತೂಕದ ವಸ್ತು, ಹೆಚ್ಚಾಗಿ ಸವೆದ ಬುಷ್. ಕಿರ್ ಕಿರ್ ಎಂದರೆ ರಬ್ಬರು ಅಥವಾ ಪ್ಲಾಸ್ಟಿಕ್ಕು ಉಜ್ಜುವುದು. ಇದು ಶಾಸ್ತ್ರವಲ್ಲ, ಆದರೆ "ಏನೋ ಸದ್ದು ಬರ್ತದೆ" ಎಂದು ಮೆಕ್ಯಾನಿಕ್‌ಗೆ ಹೇಳುವುದಕ್ಕಿಂತ ಎಷ್ಟೋ ಮೇಲು.

ಪಾನಾ ಹಿಡಿಯುವ ಮೊದಲು ಕಾರನ್ನು ಬರಿದು ಮಾಡಬೇಕು. ನಮ್ಮ ಡಿಕ್ಕಿಯಿಂದ ಹೊರಬಂದದ್ದು: ಸಿಂಪರಣೆ ಪಂಪಿನ ಒಂದು ನಾಜಲ್, ಕಸಿ ಕತ್ತರಿ, ಎರಡು ಕುಡುಗೋಲು, ಕಳೆದ ಜಾತ್ರೆಯ ತೆಂಗಿನಕಾಯಿ, ಮತ್ತು ಜಾಗದಲ್ಲಿ ಕೂರದೆ ಉರುಳಾಡುತ್ತಿದ್ದ ಜಾಕಿ. ಸ್ಟೆಪ್ನಿಯ ತಿರುಪನ್ನೂ ಬಿಗಿ ಮಾಡಿದೆವು. ಹಿಂಭಾಗದ ಸದ್ದು ಅರ್ಧ ನಿಂತಿತು. ಮುಂಭಾಗದ ಕಟಕಟ ಮಾತ್ರ ಕದಲಲಿಲ್ಲ.

ಮುಂದಿನ ಪ್ರಶ್ನೆ, ಸದ್ದು ಎಂಜಿನ್‌ನದೋ ಚಕ್ರದ್ದೋ ಎಂಬುದು. ಬಯಲಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರ್ ತಪ್ಪಿಸಿ, ಎಂಜಿನ್ ವೇಗವನ್ನು ನಿಧಾನವಾಗಿ ಏರಿಸಿ ಇಳಿಸಿ ಕೇಳಬೇಕು. ನಿಂತಲ್ಲೇ ಸದ್ದು ಬಂದರೆ ರಸ್ತೆಯ ತಪ್ಪಲ್ಲ. ಬಹಳ ಸಲ ಇದು ಸೈಲೆನ್ಸರ್ ಕೊಳವೆಯ ಮೇಲಿನ ಶಾಖ ತಡೆಯುವ ತಗಡು. ತಗಡಿನ ಬೋಲ್ಟಿನ ತೂತು ತುಕ್ಕು ಹಿಡಿದು ದೊಡ್ಡದಾಗಿರುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಷ್ಟಿಯಿಂದ ಮೆಲ್ಲಗೆ ತಟ್ಟಿದರೆ ಅದೇ ಸ್ವರ ಕೊಡುತ್ತದೆ. ತೋಟದ ಪಂಪಿನ ಪೈಪಿಗೆ ಹಾಕುವ ಉಕ್ಕಿನ ಹೋಸ್ ಕ್ಲಿಪ್‌ನ ದೊಡ್ಡ ಅಳತೆಯದನ್ನು ಸುತ್ತಿ ಬಿಗಿದರೆ ಕೆಲಸ ಮುಗಿಯಿತು. ತಗಡನ್ನೇ ಕಿತ್ತೆಸೆಯುವವರಿದ್ದಾರೆ, ಒಣ ತರಗೆಲೆಯ ಮೇಲೆ ಗಾಡಿ ನಿಲ್ಲಿಸುವ ನಾವು ಹಾಗೆ ಮಾಡಬಾರದು, ಬಿಸಿ ಕೊಳವೆ ಬೆಂಕಿಗೆ ಕಾರಣವಾದೀತು. ಸೈಲೆನ್ಸರನ್ನು ತೂಗುಹಾಕುವ ರಬ್ಬರು ಹರಿದಿದ್ದರೂ ಸದ್ದು ಬರುತ್ತದೆ. ಹೊಸದಕ್ಕೆ ಬೆಲೆ ಅಲ್ಪ. ಸೈಕಲ್ ಟ್ಯೂಬು ಕಟ್ಟಿದರೆ ಆ ಶಾಖಕ್ಕೆ ಹೆಚ್ಚು ದಿನ ಬಾಳದು.

ನಮ್ಮ ಕಾರು ನಿಂತಲ್ಲಿ ಮೌನವಾಗಿತ್ತು. ಹಾಗಾದರೆ ರಸ್ತೆಯದೇ. ಮಣ್ಣುದಾರಿಯಲ್ಲಿ ಅಡ್ಡಡ್ಡಲಾಗಿ ಅಲೆಅಲೆಯಾಗಿ ದಿಬ್ಬ ಏಳುವುದನ್ನು ಎಲ್ಲರೂ ಕಂಡಿದ್ದೇವೆ. ಇದು ಗಾಡಿಯ ಸ್ಪ್ರಿಂಗಿನಿಂದಲೇ ಆಗುವುದೆಂದು ಬಹುಕಾಲ ನಂಬಿದ್ದೆವು. ಕೆನಡಾ, ಫ್ರಾನ್ಸ್, ಇಂಗ್ಲೆಂಡಿನ ಮೂವರು ಭೌತವಿಜ್ಞಾನಿಗಳು ಮರಳಿನ ಮೇಲೆ ಚಕ್ರ ಉರುಳಿಸಿ ನೋಡಿ 2007ರಲ್ಲಿ ಪ್ರಕಟಿಸಿದ ಪ್ರಕಾರ, ಸ್ಪ್ರಿಂಗೇ ಇಲ್ಲದ ಚಕ್ರವೂ ಒಂದು ಮಿತಿಯ ವೇಗ ದಾಟಿದರೆ ಅಲೆ ಎಬ್ಬಿಸುತ್ತದೆ. ಅಲೆಗಳ ನಡುವೆ ಅರ್ಧ ಮೀಟರ್ ಅಂತರವಿದ್ದು ಗಾಡಿ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ 10 ಹೊಡೆತ. ಕಾರಿನ ಚಕ್ರ ತನ್ನಷ್ಟಕ್ಕೆ ಕುಣಿಯುವ ಗತಿಯೂ ಸುಮಾರಾಗಿ ಸೆಕೆಂಡಿಗೆ 10ರಿಂದ 15. ಎರಡೂ ಕೂಡಿದ ಮೇಲೆ ಸಡಿಲವಾದದ್ದು ಸುಮ್ಮನಿದ್ದೀತೆ?

ಒಂದು ಬೆಳಗ್ಗೆ ಗಾಜು ಇಳಿಸಿ ಆ ದಾರಿಯಲ್ಲೇ ನಿಧಾನವಾಗಿ ಓಡಿಸಿದೆವು. ನಡೆಸುವವರಿಗೆ ದಿಕ್ಕು ಸರಿಯಾಗಿ ತಿಳಿಯುವುದಿಲ್ಲ; ಪಕ್ಕದಲ್ಲೊಬ್ಬರು ಕೇಳುತ್ತಾ ಇರಬೇಕು. ನಾವು ಎಡಗಡೆ ಎನ್ನುತ್ತಿದ್ದೆವು. ಮನೆಯವರು ಒಮ್ಮೆ ಮುಂದೆ, ಒಮ್ಮೆ ಹಿಂದೆ ಕುಳಿತು ಕೇಳಿ, "ಎಡ ಅಲ್ಲ ಕಣ್ರೀ, ಬಲಗಡೆ ಮುಂದಿನ ಚಕ್ರ" ಎಂದರು. ಆಮೇಲೆ ಒಂದೊಂದನ್ನೇ ಬದಲಿಸಿ ನೋಡಿದೆವು. ಸ್ಟೀರಿಂಗ್ ತಿರುಗಿಸಿದರೂ ಅದೇ ಸದ್ದು, ಹಿಂದೆ ಮೂಟೆ ಹೇರಿದರೂ ಅದೇ ಸದ್ದು. ಆದರೆ ಉಬ್ಬುತಗ್ಗಿನ ಮೇಲೆ ಹೋಗುತ್ತಿರುವಾಗಲೇ ಬ್ರೇಕನ್ನು ಮೆಲ್ಲಗೆ ಒತ್ತಿದೊಡನೆ ಕಟಕಟ ನಿಂತಿತು. ಬಿಟ್ಟೊಡನೆ ಮತ್ತೆ ಬಂತು. ಬ್ರೇಕ್ ಒತ್ತಿದಾಗ ಪ್ಯಾಡುಗಳು ಡಿಸ್ಕನ್ನು ಹಿಡಿದುಕೊಳ್ಳುತ್ತವೆ, ಅಲುಗಲು ಅವಕ್ಕೆ ಎಡೆಯಿರುವುದಿಲ್ಲ. ಸದ್ದು ಅಲ್ಲಿಯದೇ.

ಮೆಕ್ಯಾನಿಕ್ ಒಬ್ಬರನ್ನು ತೋಟಕ್ಕೇ ಕರೆಸಿ ಚಕ್ರ ಬಿಚ್ಚಿಸಿದೆವು. ಪ್ಯಾಡುಗಳನ್ನು ಅಲುಗದಂತೆ ಒತ್ತಿ ಹಿಡಿಯುವ ತೆಳುವಾದ ಸ್ಪ್ರಿಂಗ್ ತಗಡು ಅಲ್ಲಿ ಇರಲೇ ಇಲ್ಲ. ಹಿಂದೆ ಪ್ಯಾಡು ಬದಲಿಸಿದವರು ಅದನ್ನು ಮರಳಿ ಹಾಕದೆ ಬಿಟ್ಟಿದ್ದರು. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಕ್ಯಾಲಿಪರನ್ನು ಹಿಡಿದಿರುವ ಎರಡು ಬೋಲ್ಟುಗಳಲ್ಲಿ ಕೆಳಗಿನದು ಬರಿಗೈಯಲ್ಲಿ ತಿರುಗುತ್ತಿತ್ತು. ಅದು ಕಳಚಿ ಬಿದ್ದರೆ ಕ್ಯಾಲಿಪರ್ ಮೇಲಿನ ಬೋಲ್ಟಿನ ಮೇಲೆ ತಿರುಗಿ ಚಕ್ರಕ್ಕೆ ಬಡಿಯಬಹುದು, ಬ್ರೇಕಿನ ಎಣ್ಣೆ ಕೊಳವೆ ಹರಿಯಬಹುದು. ಅದೇ ಸೋಮವಾರ ಮನೆಮಂದಿಯೆಲ್ಲ ಮಾದಪ್ಪನ ಬೆಟ್ಟಕ್ಕೆ ಹೊರಟವರು ನಾವು. ತಾಳಬೆಟ್ಟ ದಾಟಿದ ಮೇಲಿನ ತಿರುವುಗಳನ್ನು ನೆನೆದು ಆ ದಿನ ಊಟ ಸೇರಲಿಲ್ಲ.

ಬೋಲ್ಟು ಹೊಸದು ಹಾಕಿಸಿ, ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ಪಾನಾದಲ್ಲಿ ಬಿಗಿಸಿದೆವು. ಸ್ಪ್ರಿಂಗ್ ತಗಡಿಗೆ ಆದ ಖರ್ಚು ಶಾಕ್ ಅಬ್ಸಾರ್ಬರಿನ ಖರ್ಚಿನ ಮುಂದೆ ಏನೇನೂ ಅಲ್ಲ. ಬ್ರೇಕಿನ ಕೆಲಸವಾದ ಮೇಲೆ ಗಾಡಿ ಚಲಿಸುವ ಮೊದಲೇ ಪೆಡಲನ್ನು ನಾಲ್ಕಾರು ಸಲ ಒತ್ತಿ ಗಟ್ಟಿಯಾಗಿದೆಯೇ ನೋಡಬೇಕು. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತಲೆ ಹಾಕಕೂಡದು. ಸ್ಟ್ಯಾಂಡ್ ಇಡಬೇಕು, ಉಳಿದ ಚಕ್ರಗಳಿಗೆ ಕಲ್ಲು ಕೊಡಬೇಕು.

ಡ್ಯಾಶ್‌ಬೋರ್ಡ್, ಬಾಗಿಲ ಗಾಜು, ನಂಬರ್ ಪ್ಲೇಟು ಇವುಗಳ ಸದ್ದನ್ನು ಬಿಡುವಾದಾಗ ನೋಡಿಕೊಳ್ಳಬಹುದು. ತಡ ಮಾಡಬಾರದ ಸದ್ದುಗಳು ಬೇರೆ ಇವೆ. ಚಕ್ರ ಬದಲಿಸಿದ ಮೇಲೆ ಲಟಲಟ ಬಂದರೆ ಅಲ್ಲೇ ನಿಲ್ಲಿಸಿ ನಟ್ಟುಗಳನ್ನು ನೋಡಬೇಕು. ಸದ್ದು ಬರದಿದ್ದರೂ 50–100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ಪರೀಕ್ಷಿಸಬೇಕು. ಹಳ್ಳಕ್ಕೆ ಇಳಿದಾಗ ದಡ್ ಎಂದು ಸ್ಟೀರಿಂಗಿಗೆ ತಾಗಿದರೆ ಕೆಳಗಿನ ಬಾಲ್ ಜಾಯಿಂಟ್ ಸವೆದಿರಬಹುದು. ಪೂರ್ತಿ ತಿರುಗಿಸಿದಾಗ ಟಕ್ ಟಕ್ ಬಂದರೆ ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್‌ನ ಹೊರಗಿನ ಜಾಯಿಂಟ್ ಮೇಲೆ ಸಂಶಯ.

ಬೆಳೆಗಾರರಾದ ನಮಗೆ ವಿಶೇಷವಾದದ್ದು ಒಂದಿದೆ. ಮೈಲುತುತ್ತ, ಪೊಟ್ಯಾಷ್ ಚೀಲಗಳನ್ನು ಡಿಕ್ಕಿಯಲ್ಲಿ ತರುತ್ತೇವೆ. ಮೈಲುತುತ್ತದ ಪುಡಿ ಒದ್ದೆಯಾಗಿ ಬರಿ ಕಬ್ಬಿಣಕ್ಕೆ ತಾಗಿದರೆ ಅದರ ತಾಮ್ರ ಕಬ್ಬಿಣದ ಮೇಲೆ ಕೂತು, ಕಬ್ಬಿಣ ಕರಗುತ್ತಾ ಹೋಗುತ್ತದೆ. ಪೊಟ್ಯಾಷ್ ಉಪ್ಪೇ ತಾನೆ. ಸ್ಟೆಪ್ನಿಯ ಗುಂಡಿಯಲ್ಲಿ ತೂತು ಬೀಳುವುದು, ಹಿಡಿಕೆಗಳು ಸಡಿಲವಾಗುವುದು ಹೀಗೆ. ದಪ್ಪ ಟಾರ್ಪಾಲ್ ಹಾಸಿ, ಇಳಿಸಿದ ದಿನವೇ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು.

ಗ್ಯಾರೇಜಿಗೆ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಯಾವ ರಸ್ತೆ, ಎಷ್ಟು ವೇಗ, ಯಾವ ಮೂಲೆ, ಬ್ರೇಕ್ ಒತ್ತಿದರೆ ನಿಲ್ಲುತ್ತದೆಯೇ, ನಿಂತಲ್ಲೂ ಬರುತ್ತದೆಯೇ. ಸಾಧ್ಯವಾದರೆ ಮೆಕ್ಯಾನಿಕ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಬಗೆಯ ರಸ್ತೆಯಲ್ಲಿ ಅರ್ಧ ಮೈಲಿ ಓಡಿಸಿ. ನಮ್ಮ ಕಾರಿನ ಎಡಬಾಗಿಲಲ್ಲಿ ಈಗಲೂ ಒಂದು ಸಣ್ಣ ಟಣಟಣ ಉಳಿದಿದೆ. ಸಿಂಪರಣೆ ಪಂಪಿನ ಇನ್ನೊಂದು ನಾಜಲ್ ಗಾಜಿನ ಸಂದಿಯಲ್ಲಿ ಒಳಗೆ ಬಿದ್ದಿರಬೇಕು. ಸಿಂಪರಣೆ ಮುಗಿದ ಮೇಲೆ ಬಾಗಿಲ ಹಲಗೆ ಬಿಚ್ಚುವುದೆಂದು ಇಟ್ಟುಕೊಂಡಿದ್ದೇವೆ.