ರಂಧ್ರಶೋಧನೆಯಲ್ಲಿ ಅನುಮಾನದ ಸ್ಥಾನ

ಭೂಮಿಯ ಒಳಗನ್ನು ಅಗೆಯುವ ಮೊದಲೇ ಅರಿಯಬೇಕೆಂಬ ಪ್ರಯತ್ನವು ನಮ್ಮ ವಾಙ್ಮಯಕ್ಕೆ ಹೊಸತಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ದಕಾರ್ಗಲವೆಂಬ ಅಧ್ಯಾಯವನ್ನು ಜಲಶೋಧನೆಗಾಗಿಯೇ ಮೀಸಲಿಟ್ಟಿರುವನು. ಸುಮಾರು 1025ರ ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ ಇದೇ ವಿಷಯವು ಕನ್ನಡದಲ್ಲಿ ನಿರೂಪಿತವಾಗಿದೆ. ವರಾಹಮಿಹಿರನು ಹೇಳುವ ಕ್ರಮವನ್ನು ನೋಡಿರಿ. ನೀರಿಲ್ಲದ ಎಡೆಯಲ್ಲಿ ಬೆತ್ತದ ಗಿಡವಿದ್ದರೆ, ಅದರಿಂದ ಪಡುವಲಿಗೆ ಮೂರು ಮೊಳ ದೂರದಲ್ಲಿ, ಒಂದೂವರೆ ಪುರುಷದ ಆಳದಲ್ಲಿ ಜಲವುಂಟು. ಅರ್ಧ ಪುರುಷದಲ್ಲಿ ಬೆಳ್ಳನೆಯ ಕಪ್ಪೆ, ಬಳಿಕ ಹಳದಿಯ ಮಣ್ಣು, ಅದರ ಕೆಳಗೆ ಪದರುಗಲ್ಲು, ಅದರಡಿಯಲ್ಲಿ ನೀರು. ಪುರುಷವೆಂದರೆ ತೋಳೆತ್ತಿ ನಿಂತ ಮನುಷ್ಯನ ಎತ್ತರ. ಈ ಲಕ್ಷಣಗಳು ಎಷ್ಟರಮಟ್ಟಿಗೆ ನಿಜವೆಂಬುದು ಬೇರೆ ವಿಚಾರ. ಆಳವನ್ನೂ ಆಯಾ ಆಳದಲ್ಲಿ ದೊರೆಯುವ ವಸ್ತುವನ್ನೂ ಅನುಕ್ರಮವಾಗಿ ಹೇಳುವ ಪದ್ಧತಿಯು ಮಾತ್ರ ಗಮನಾರ್ಹವಾದುದು. ಇಂದಿನ ಗಣಿಶೋಧಕರು ಬರೆದಿಡುವ ರಂಧ್ರವಿವರಣೆಯೂ ಇದೇ ರೂಪದ್ದಾಗಿದೆ. ಆದಕಾರಣ ಕಲ್ಲಿದ್ದಲ ಗಣಿಯ ರಂಧ್ರಶೋಧನೆಯ ಕ್ರಮವನ್ನು ಮೊದಲು ತಿಳಿಸಿ, ಆ ನ್ಯಾಯವು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕೊಳವೆಬಾವಿಗಳಿಗೆ ಸಲ್ಲುವುದೇ ಎಂಬುದನ್ನು ಇಲ್ಲಿ ವಿಚಾರಿಸುವೆನು.

ನಮ್ಮ ನಾಡಿಗೆ ಸಮೀಪದ ಕಲ್ಲಿದ್ದಲ ಕ್ಷೇತ್ರವು ತೆಲಂಗಾಣದ ಗೋದಾವರೀ ಕಣಿವೆಯಲ್ಲಿರುವುದು. 1871ರಲ್ಲಿ ವಿಲಿಯಂ ಕಿಂಗ್ ಎಂಬ ಭೂವಿಜ್ಞಾನಿಯು ಇಲ್ಲೆಂದು ಪ್ರದೇಶದಲ್ಲಿ ಇದನ್ನು ಕಂಡನು. 1985ರಲ್ಲಿ ಆರಂಭವಾದ ರಾಯಚೂರಿನ ವಿದ್ಯುದಾಗಾರಕ್ಕೆ ಬರುವ ಕಲ್ಲಿದ್ದಲಿನಲ್ಲಿ ಈ ಸಿಂಗರೇಣಿ ಗಣಿಗಳದೂ ಒಂದು ಪಾಲು. ಇಂಥ ಕ್ಷೇತ್ರದಲ್ಲಿ ಗಣಿಯನ್ನು ತೋಡುವ ಮೊದಲು ಬೈರಿಗೆಯಿಂದ ರಂಧ್ರಗಳನ್ನು ಕೊರೆಯುವರು. ಬೈರಿಗೆಯ ತುದಿಯು ಬಳೆಯಂತೆ ನಡುವೆ ಪೊಳ್ಳಾಗಿದ್ದು, ಅದರ ಅಂಚಿನಲ್ಲಿ ವಜ್ರದ ಕಣಗಳು ಕೂಡಿಸಲ್ಪಟ್ಟಿರುತ್ತವೆ. ಅದು ತಿರುಗುತ್ತ ಇಳಿದಂತೆ ಸುತ್ತಲಿನ ಕಲ್ಲು ಸವೆಯುವುದು. ನಡುವಿನ ಕಲ್ಲು ಕೆಡದೆ ದಂಡಾಕಾರವಾಗಿ ಕೊಳವೆಯೊಳಗೆ ಸೇರುವುದು. ಮೇಲಿನಿಂದ ಹರಿಸುವ ನೀರು ತುದಿಯನ್ನು ತಣಿಸಿ, ಹುಡಿಯನ್ನು ಹೊರಕ್ಕೆ ತರುವುದು. ಹೊರತೆಗೆದ ಶಿಲಾದಂಡಗಳನ್ನು ಪೆಟ್ಟಿಗೆಯ ಸಾಲುಗಳಲ್ಲಿ, ನಾವು ಪುಟವನ್ನೋದುವಂತೆ ಎಡದಿಂದ ಬಲಕ್ಕೆ ಜೋಡಿಸಿ, ಆಳವನ್ನು ಗುರುತಿಸುವರು.

ಕಲ್ಲಿದ್ದಲು ಮೆತುವಾದುದರಿಂದ ಒಡೆದು ನೀರಿನೊಡನೆ ಹೋಗುವುದುಂಟು. ಎರಡು ಮೀಟರು ಕೊರೆದಲ್ಲಿ ಒಂದೂವರೆ ಮೀಟರು ಮಾತ್ರ ದೊರೆತರೆ, ಉಳಿದ ಅರ್ಧ ಮೀಟರು ನಷ್ಟವಾಯಿತೆಂದು ಸ್ಪಷ್ಟವಾಗಿ ಬರೆಯಬೇಕು. ಓಲೆಯ ಪ್ರತಿಯಲ್ಲಿ ಅಕ್ಷರ ಲುಪ್ತವಾದೆಡೆಯನ್ನು ಸಂಪಾದಕನು ತನ್ನ ಕಲ್ಪನೆಯಿಂದ ತುಂಬಿ ಮೂಲವೆಂದು ಅಚ್ಚುಹಾಕಬಾರದಷ್ಟೆ, ಇಲ್ಲಿಯೂ ಹಾಗೆಯೇ.

ಇನ್ನು ಎರಡು ರಂಧ್ರಗಳ ನಡುವಿನ ನೆಲವನ್ನು ತಿಳಿಯುವ ಬಗೆ ಹೇಗೆ? ರಂಧ್ರದಲ್ಲಿ ಕಂಡದ್ದು ಪ್ರತ್ಯಕ್ಷ, ನಡುವಿನದು ಅನುಮಾನಸಿದ್ಧ. ಗಣಿಶಾಸ್ತ್ರವೂ ನಿಕ್ಷೇಪವನ್ನು ಸಿದ್ಧ, ಸೂಚಿತ, ಅನುಮಿತ ಎಂದು ಮೂರಾಗಿ ವಿಂಗಡಿಸುತ್ತದೆ. ಈ ಅನುಮಾನಕ್ಕೆ ಆಧಾರವಾದ ವ್ಯಾಪ್ತಿಯೆಂದರೆ ಸ್ತರಗಳ ಅವಿಚ್ಛಿನ್ನತೆ. ಪ್ರಾಚೀನ ಕಾಲದ ಜೌಗುಗಳಲ್ಲಿ ಸಸ್ಯರಾಶಿಯು ಹೂತು ಹಾಸಿಗೆಯಂತೆ ಹರಡಿ ಕಲ್ಲಿದ್ದಲಾದುದರಿಂದ, ಒಂದೆಡೆ ಕಂಡ ಸ್ತರವು ಮುಂದೆಯೂ ಸಾಗುವುದು ಸಹಜ. ಆದರೆ ಭೂಚಲನೆಯಿಂದ ಸ್ತರಭಂಗವಾಗಿದ್ದರೆ ಅದೇ ಉಪಾಧಿಯಾಗಿ ವ್ಯಾಪ್ತಿಯನ್ನು ಕೆಡಿಸುವುದು. ಆದುದರಿಂದಲೇ ನಡುವೆ ಮತ್ತೊಂದು ರಂಧ್ರವನ್ನು ಕೊರೆಯುವರು. ಗಣಿಯ ಸುರಂಗದೊಳಗಿನಿಂದಲೂ ಮುಂಭಾಗಕ್ಕೆ ಉದ್ದವಾಗಿ ಕೊರೆದು, ಮುಂದೆ ಸ್ತರಭಂಗವುಂಟೋ ನೀರು ತುಂಬಿದ ಹಳೆಯ ಸುರಂಗವುಂಟೋ ಎಂದು ನೋಡುವರು. 1975ನೆಯ ಡಿಸೆಂಬರ್ 27ರಂದು ಧನಬಾದಿನ ಬಳಿಯ ಚಾಸ್ನಾಲಾ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಮಂದಿ ಮಡಿದುದನ್ನು ನೆನೆದರೆ ಈ ಪರೀಕ್ಷೆಯ ಗೌರವವು ತಿಳಿಯುವುದು.

ಈಗ ನಮ್ಮ ಜಿಲ್ಲೆಗೆ ಬರೋಣ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ತಳದಲ್ಲಿರುವುದು ಬಹುಮಟ್ಟಿಗೆ ನೈಸ್ ಶಿಲೆಯೂ ಕಣಶಿಲೆಯೂ. ಇವು 250 ಕೋಟಿ ವರ್ಷಗಳಿಗೂ ಮಿಗಿಲಾಗಿ ಹಳೆಯವು. ಭಾರತದ ಮುಖ್ಯ ಕಲ್ಲಿದ್ದಲಾದರೋ 30 ಕೋಟಿ ವರ್ಷಗಳಿಂದ ಈಚಿನದು. ನೆಲದ ಮೇಲೆ ಗಿಡಮರಗಳೇ ಇಲ್ಲದಿದ್ದ ಕಾಲದ ಶಿಲೆಯಲ್ಲಿ ಕಲ್ಲಿದ್ದಲನ್ನು ಹುಡುಕುವುದು ವ್ಯರ್ಥ. ಇಲ್ಲಿ ಬೈರಿಗೆ ಇಳಿಯುವುದು ನೀರಿಗಾಗಿ. ಕೇಂದ್ರ ಅಂತರ್ಜಲ ಮಂಡಳಿಯ ಇತ್ತೀಚಿನ ಗಣನೆಗಳಲ್ಲಿ ಈ ನಾಲ್ಕು ತಾಲ್ಲೂಕುಗಳೂ ಅತಿಬಳಕೆಯ ವರ್ಗಕ್ಕೆ ಸೇರಿವೆ.

ಈ ಶಿಲೆಯಲ್ಲಿ ನೀರು ಹಾಸಿಗೆಯಂತೆ ಹರಡಿಲ್ಲ. ಮೇಲಿನ ಶಿಥಿಲಭಾಗದಲ್ಲಿಯೂ ಕೆಳಗಿನ ಬಿರುಕುಗಳಲ್ಲಿಯೂ ಮಾತ್ರ ನಿಂತಿರುವುದು. ಬಿರುಕು ಎತ್ತಲಾದರೂ ಹರಿದೀತು, ಹತ್ತು ಮಾರು ದೂರದಲ್ಲಿ ಮುಗಿದೂ ಹೋದೀತು. ನೆರೆಯವನ ಬಾವಿಯಲ್ಲಿ ನೀರು ಬಂದಿತು, ಆದುದರಿಂದ ನನ್ನ ಹೊಲದಲ್ಲಿಯೂ ಅದೇ ಆಳದಲ್ಲಿ ಬರುವುದು ಎಂದು ರೈತನು ತರ್ಕಿಸಿದರೆ, ಅದು ಸವ್ಯಭಿಚಾರವಾದ ಹೇತು. ಕಲ್ಲಿದ್ದಲ ನೆಲದಲ್ಲಿ ಬಹುಮಟ್ಟಿಗೆ ಸಲ್ಲುವ ಅನುಮಾನವು ಇಲ್ಲಿ ಸಲ್ಲದು. ನ್ಯಾಯಶಾಸ್ತ್ರದ ಪಾಠದಲ್ಲಿ ಹೇತ್ವಾಭಾಸಕ್ಕೆ ದಂಡವಿಲ್ಲ. ಹೊಲದಲ್ಲಾದರೋ ಅದಕ್ಕೆ ಸಾಲವೇ ದಂಡ. ಒಣಬಾವಿಯ ಸಾಲವನ್ನು ತೀರಿಸಲು ನೆಲವನ್ನೇ ಮಾರಿದವರನ್ನು ನಾನು ಕಂಡಿರುವೆನು.

ಹಾಗಾದರೆ ಮಾಡತಕ್ಕುದೇನು? ಕೊಳವೆಬಾವಿಯ ಯಂತ್ರವು ಗಾಳಿಯ ಬಲದಿಂದ ಕಲ್ಲನ್ನು ಕುಟ್ಟಿ ಹುಡಿಮಾಡುವುದರಿಂದ ಶಿಲಾದಂಡವೇನೋ ದೊರೆಯದು. ಆದರೂ ಹುಡಿಯ ಬಣ್ಣ, ಶಿಥಿಲಭಾಗ ಮುಗಿದ ಆಳ, ಬಿರುಕು ಸಿಕ್ಕಿದ ಆಳ, ನೀರು ಕಂಡ ಆಳ, ಅದರ ಪ್ರಮಾಣ, ಇವನ್ನು ಬರೆದಿಡಲು ಅಡ್ಡಿಯಿಲ್ಲ. ನೀರು ಬಾರದ ಬಾವಿಯ ವಿವರವನ್ನೂ ತಪ್ಪದೆ ಬರೆಯಬೇಕು. ಅದೇ ವಿಪಕ್ಷದ ದೃಷ್ಟಾಂತ. ಒಂದು ಊರಿನ ನೂರು ಬಾವಿಗಳ ವಿವರವು ಒಂದೆಡೆ ಸೇರಿದರೆ ಬಿರುಕುಗಳ ಜಾಡು ಸ್ವಲ್ಪವಾದರೂ ತೋರೀತು. ಸೇರದಿದ್ದರೆ ಪ್ರತಿಯೊಬ್ಬನೂ ಮೊದಲನೆಯವನಂತೆಯೇ ಕೊರೆಯಬೇಕು. ಗ್ರಾಮಗಳಲ್ಲಿರುವ ಉಪಾಧ್ಯಾಯರು ಶಾಲೆಯಲ್ಲಿ ಇದಕ್ಕಾಗಿ ಒಂದು ಪುಸ್ತಕವನ್ನಿಟ್ಟು, ಬಾವಿ ಕೊರೆದ ದಿನವೇ ಬರೆಯಿಸುವುದಾದರೆ, ದಕಾರ್ಗಲವನ್ನು ಪಾಠ ಹೇಳುವ ನಮ್ಮಂಥವರಿಗೂ ಆ ಪುಸ್ತಕವು ಉಪಯುಕ್ತವಾದ ವ್ಯಾಖ್ಯಾನವಾಗುವುದು.