‘ಹೂಪಿಂಗ್’ ಎಂಬ ಶಬ್ದ

ಇಂಗ್ಲಿಷಿನಲ್ಲಿ ‘ಹೂಪ್’ ಎಂದರೆ ಬಳೆ. ಮರದ ಪೀಪಾಯಿಯ ಹಲಗೆಗಳನ್ನು ಲೋಹದ ಪಟ್ಟಿಯಿಂದ ಬಿಗಿಯುವುದು ಹೂಪಿಂಗ್. ನಮ್ಮ ಕಮ್ಮಾರನು ಬಂಡಿಯ ಚಕ್ರಕ್ಕೆ ಪಟ್ಟಿ ತೊಡಿಸುವುದೂ ಅದೇ ಜಾತಿಯ ಕೆಲಸವು. ಚಕ್ರದ ಸುತ್ತಳತೆಗಿಂತ ತುಸು ಕಿರಿದಾದ ಕಬ್ಬಿಣದ ಬಳೆಯನ್ನು ಕೆಂಪಗೆ ಕಾಯಿಸಿ, ಹಿಗ್ಗಿರುವಾಗಲೇ ತೊಡಿಸಿ ನೀರೆರೆದರೆ, ಅದು ಕುಗ್ಗಿ ಮರವನ್ನು ಬಿಗಿದಪ್ಪುವುದು. ಕಸೂತಿಯ ಬಟ್ಟೆಯನ್ನು ದುಂಡು ಚೌಕಟ್ಟಿಗೆ ಬಿಗಿಯುವುದಕ್ಕೂ ಇದೇ ಹೆಸರು. 1958ರಲ್ಲಿ ಅಮೆರಿಕದಲ್ಲಿ ಹುಚ್ಚಿನಂತೆ ಹಬ್ಬಿದ, ಪ್ಲಾಸ್ಟಿಕ್ಕಿನ ಬಳೆಯನ್ನು ಸೊಂಟದಲ್ಲಿ ತಿರುಗಿಸುವ ಆಟಕ್ಕೂ ಇದೇ.

ಆದರೆ ಹಳೆಯ ಇಂಗ್ಲಿಷ್ ವೈದ್ಯಗ್ರಂಥಗಳಲ್ಲಿ ಕಾಣುವ ‘ಹೂಪಿಂಗ್’ ಕೆಮ್ಮಿಗೂ ಬಳೆಗೂ ನಂಟಿಲ್ಲ. ಮೊದಮೊದಲು ನಾವೂ ಉಂಟೆಂದೇ ತಿಳಿದಿದ್ದೆವು! ಅಲ್ಲಿ ಹೂಪ್ ಎಂದರೆ ಕೂಗು. ಈಗ ಮೊದಲಲ್ಲಿ ‘ಡಬ್ಲ್ಯು’ ಅಕ್ಷರವನ್ನು ಸೇರಿಸಿ ಬರೆಯುವರು. ನಮ್ಮವರು ನಾಯಿಕೆಮ್ಮು ಎನ್ನುವುದು ಇದನ್ನೇ. ಕೆಮ್ಮಿ ಕೆಮ್ಮಿ ಉಸಿರು ಬರಿದಾದ ಮಗುವು ಒಮ್ಮೆಲೇ ಉಸಿರೆಳೆಯುವಾಗ ಆ ಸದ್ದು ಏಳುವುದು. ಇದರ ರೋಗಾಣುವನ್ನು 1906ರಲ್ಲಿ ಬೆಲ್ಜಿಯಮ್ಮಿನ ಬೋರ್ದೆ, ಜಾಂಗು ಎಂಬ ವಿದ್ವಾಂಸರು ಬೇರ್ಪಡಿಸಿದರು.

ಹೆಸರನ್ನೇ ನಂಬಿ ಸದ್ದಿಗಾಗಿ ಕಾದು ಕುಳಿತರೆ ಮೋಸಹೋಗುವೆವು. ಎಳೆಗೂಸುಗಳಲ್ಲಿ ಅದು ಅನೇಕವೇಳೆ ಏಳುವುದೇ ಇಲ್ಲ. ಕೆಮ್ಮೂ ಅಲ್ಪವಾಗಿದ್ದು, ಉಸಿರೇ ತಡೆದು ಮೈ ನೀಲಿಗಟ್ಟಬಹುದು. ಅಂಥ ಕೂಸನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಇದಕ್ಕೆ ಲಸಿಕೆಯುಂಟು. ನಮ್ಮ ದೇಶದಲ್ಲಿ 6, 10, 14ನೆಯ ವಾರಗಳಲ್ಲಿಯೂ, 16ರಿಂದ 24 ತಿಂಗಳೊಳಗೆ ಮತ್ತೊಮ್ಮೆಯೂ, 5-6 ವರ್ಷಕ್ಕೆ ಇನ್ನೊಮ್ಮೆಯೂ ಹಾಕಿಸುವರು. ದೊಡ್ಡವರ ವಾರಗಟ್ಟಲೆಯ ಕೆಮ್ಮೂ ಇದೇ ಇರಬಹುದು; ವೈದ್ಯರು ನೋಡುವವರೆಗೆ ಅವರು ಕೂಸನ್ನು ಎತ್ತಿಕೊಳ್ಳದಿರುವುದು ಲೇಸು.