ಗಣಕಯಂತ್ರದ ಚೌಕಿಮನೆ

ಇಡಗುಂಜಿಯ ಹೆಸರು ಕೇಳಿದೊಡನೆ ದ್ವಿಭುಜ ಗಣಪತಿಯ ದೇವಾಲಯವೂ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಸ್ಥಾಪಿಸಿದ ಯಕ್ಷಗಾನ ಮಂಡಳಿಯೂ ನೆನಪಾಗುವುದು ಸಹಜವೇ. ಇರುಳಿಡೀ ನಡೆಯುವ ಆಟದಲ್ಲಿ ಬೆಳಗಿನ ಜಾವಕ್ಕೆ ರಂಗಕ್ಕೆ ಬರಬೇಕಾದ ವೇಷಧಾರಿಯು ಸಂಜೆಯೇ ಕಿರೀಟ ಕಟ್ಟಿ ಕುಳಿತಿರುವುದಿಲ್ಲ. ಮೊದಲು ಬೇಕಾದ ವೇಷ ಮೊದಲು. ಉಳಿದವು ಹೊತ್ತು ನೋಡಿಕೊಂಡು. ಗಣಕಯಂತ್ರದ ಪ್ರೋಗ್ರಾಮುಗಳಿಗೂ ಈ ವಿವೇಕವು ಅವಶ್ಯವೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಲಾಗಿದೆ.

ಜಾವಾ, ಪೈಥಾನ್ ಮುಂತಾದ ಭಾಷೆಗಳಲ್ಲಿ ಬರೆದುದನ್ನು ಯಂತ್ರವು ಸಾಮಾನ್ಯವಾಗಿ ನೇರವಾಗಿ ಓದಲಾರದು. ನಡುವೆ ನಿಂತು ಅದನ್ನು ನಡೆಸುವ ವ್ಯವಸ್ಥೆಗೆ ‘ರನ್‌ಟೈಮ್’ ಎನ್ನುತ್ತಾರೆ. ನಾವು ಬರೆದುದು ಎರಡೇ ಸಾಲಿರಲಿ, ಈ ವ್ಯವಸ್ಥೆಯು ಮೊದಲು ತನ್ನ ನೂರಾರು ಸಾಮಗ್ರಿಗಳನ್ನು ಹುಡುಕಿ, ಪರೀಕ್ಷಿಸಿ, ಮೆಮೊರಿಯಲ್ಲಿ ಜೋಡಿಸಬೇಕು. ಆರಂಭದ ವಿಳಂಬಕ್ಕೆ ಇದೇ ಮುಖ್ಯ ಕಾರಣ.

ಇದಕ್ಕೆ ಮೂರು ಪರಿಹಾರಗಳುಂಟು. ಮೊದಲನೆಯದು, ಜೋಡಿಸಿದ ಸ್ಥಿತಿಯನ್ನೇ ಕಾದಿಟ್ಟು ಮರಳಿ ಬಳಸುವುದು. ಜಾವಾದಲ್ಲಿ ಈ ಕ್ರಮವು 2004ರಲ್ಲಿ ಬಂದಿತು. 2022ರ ಪೈಥಾನ್ 3.11 ಆವೃತ್ತಿಯು ಇಂಥದೇ ಉಪಾಯದಿಂದ ಆರಂಭದ ವೇಗವನ್ನು ಶೇಕಡಾ 10ರಿಂದ 15ರಷ್ಟು ಹೆಚ್ಚಿಸಿಕೊಂಡಿತು. ಎರಡನೆಯದು ಹಂಚಿಕೆ. ಆಂಡ್ರಾಯ್ಡ್ ಫೋನಿನಲ್ಲಿ ‘ಜೈಗೋಟ್’ ಎಂಬ ಮೂಲ ಪ್ರಕ್ರಿಯೆಯೊಂದು ಸಾಮಾನ್ಯ ಸಾಮಗ್ರಿಯನ್ನೆಲ್ಲ ಮೊದಲೇ ಹೊತ್ತು ನಿಂತಿರುತ್ತದೆ. ಪ್ರತಿಯೊಂದು ಆ್ಯಪ್ ಅದರಿಂದಲೇ ಕವಲೊಡೆಯುವುದರಿಂದ ಕಾಲವೂ ಮೆಮೊರಿಯೂ ಉಳಿಯುತ್ತವೆ. ಮೂರನೆಯದು, ಬೇಕಾದಾಗ ಮಾತ್ರ ತರಿಸಿಕೊಳ್ಳುವುದು. ಆದರೆ ಇದರಲ್ಲೊಂದು ತೊಡಕೂ ಇದೆ: ವಿಳಂಬವು ಅಳಿಯುವುದಿಲ್ಲ, ಮುಂದಕ್ಕೆ ಹೋಗುತ್ತದೆ; ಸಾಮಗ್ರಿಯೇ ಇಲ್ಲವೆಂಬುದು ಆಟದ ನಡುವೆ ತಿಳಿದರೆ ಪಾಡು ಏನು?

ಇನ್ನು ನಮ್ಮ ನುಡಿಯ ಮಾತು. ‘ಇಡಗುಂಜಿ’ ಎಂಬುದರಲ್ಲಿ, ಸ್ವರಚಿಹ್ನೆ ಮತ್ತು ಅನುಸ್ವಾರಗಳೂ ಸೇರಿ, ಯೂನಿಕೋಡಿನ 7 ಸಂಕೇತಗಳಿವೆ. ಕಡತದಲ್ಲಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಇದಕ್ಕೆ 21 ಬೈಟು, ಜಾವಾದ ಒಳಗೆ 14 ಬೈಟು ಬೇಕು. ರೋಮನ್ ಲಿಪಿಯ 8 ಅಕ್ಷರಗಳಿಗಾದರೋ 8 ಬೈಟೇ ಸಾಕು. 2017ರಲ್ಲಿ ಜಾವಾ 9 ಆವೃತ್ತಿಯು ರೋಮನ್ ಅಕ್ಷರಗಳ ಸ್ಥಳವನ್ನು ಅರ್ಧಕ್ಕಿಳಿಸಿತು. ಕನ್ನಡಕ್ಕೆ ಆ ಲಾಭ ದೊರೆಯಲಿಲ್ಲ. ಅಷ್ಟೇ ಅಲ್ಲ, ಸಾವಿರ ರೋಮನ್ ಅಕ್ಷರಗಳ ಸಾಲಿನಲ್ಲಿ ಒಂದೇ ಒಂದು ‘ಅ’ ಸೇರಿದರೂ ಇಡೀ ಸಾಲು ಇಮ್ಮಡಿಯಾಗುತ್ತದೆ.

ಹಾಗೆಂದ ಮಾತ್ರಕ್ಕೆ ಕನ್ನಡವು ಯಂತ್ರಕ್ಕೆ ಹೊರೆಯೆನ್ನುವುದು ಸರಿಯೇ? ಲೆಕ್ಕ ಹಾಕಿ ನೋಡೋಣ. ಪುಟಕ್ಕೆ 2,000 ಸಂಕೇತಗಳಂತೆ 300 ಪುಟಗಳ ಕನ್ನಡ ಗ್ರಂಥವು ಯುಟಿಎಫ್-8ರಲ್ಲಿ 18 ಲಕ್ಷ ಬೈಟುಗಳನ್ನು ಹಿಡಿಯುವುದು. 2 ಜಿಬಿ ಮೆಮೊರಿಯ ಸಾಧಾರಣ ಫೋನಿನಲ್ಲಿ ಬೈಟುಗಳು 200 ಕೋಟಿಗೂ ಮಿಗಿಲು! ಆದುದರಿಂದ ಭಾರವಿರುವುದು ನುಡಿಯಲ್ಲಲ್ಲ. ವಿಚಾರಿಸದೆ ಹೊತ್ತು ತಂದ ಸಾಮಗ್ರಿಯಲ್ಲಿ.

ಹೊಸ ಯಂತ್ರವನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಹಳೆಯ ಯಂತ್ರದಲ್ಲಿ ಪ್ರೋಗ್ರಾಮು ತೆರೆಯದಿದ್ದರೆ ಅದರೊಳಗಿನ ಕನ್ನಡವೂ ಓದುಗನಿಗೆ ದಕ್ಕದು. ಆದುದರಿಂದ ಪ್ರೋಗ್ರಾಮು ಬರೆಯುವ ವಿದ್ಯಾರ್ಥಿಗಳು ಮೊದಲು ಅಳೆಯಬೇಕು. ಪೈಥಾನಿನಲ್ಲಿ ‘ಇಂಪೋರ್ಟ್‌ಟೈಮ್’ ಎಂಬ ಆಯ್ಕೆಯು ಯಾವ ಸಾಮಗ್ರಿಗೆ ಎಷ್ಟು ಕಾಲ ಹಿಡಿಯಿತೆಂಬುದನ್ನು ಪಟ್ಟಿ ಮಾಡಿ ತೋರಿಸುತ್ತದೆ. ಬೇಡವಾದುದನ್ನು ಬಿಡುವುದು, ಬೇಕಾದುದನ್ನು ಹೊತ್ತಿಗೆ ತರುವುದು: ಮಿತವ್ಯಯದ ಈ ಪಾಠಕ್ಕೆ ಖರ್ಚೇನೂ ಇಲ್ಲ.